ಆರನೆಯ ಮಗನ ಪಾಲು



ಮನೆಯ ಹಿರಿಯ ಕಣ್ಣು ಮುಚ್ಚಿದ ಮೇಲೆ ಮಕ್ಕಳು ಪಾಲು ಕೇಳುವುದು ಲೋಕರೂಢಿ. ಪಾಲಿನ ಮಾತು ಬಂದಾಗ ಒಂದೇ ತಾಯಿಯ ಹಾಲು ಕುಡಿದವರೂ ಬದುವಿನ ಮೇಲೆ ನಿಂತು ಬೈದಾಡುವುದನ್ನು, ಕೋರ್ಟು ಕಚೇರಿ ಅಲೆದು ಇದ್ದ ಹೊಲವನ್ನೂ ಕಳೆದುಕೊಳ್ಳುವುದನ್ನು ನೀವೆಲ್ಲ ಕಂಡಿದ್ದೀರಿ. ಹೀಗಿರುವಾಗ ರಕ್ತಸಂಬಂಧವಿಲ್ಲದ, ಊರು ಕೇರಿಯ ಪರಿಚಯವೂ ಇಲ್ಲದ ಒಬ್ಬ ಬಡಕಲು ಮುದುಕರು ಕೈಯಲ್ಲೊಂದು ಕೋಲು ಹಿಡಿದು ಅಂಗಳಕ್ಕೆ ಬಂದರು. ನಿಮಗೆ ಐವರು ಮಕ್ಕಳಿದ್ದರೆ ತಮ್ಮನ್ನು ಆರನೆಯವನೆಂದು ತಿಳಿದು, ಆ ಪಾಲನ್ನು ತುಂಡು ಭೂಮಿಯೂ ಇಲ್ಲದ ಬಡವನಿಗೆ ಕೊಡಬೇಕೆಂದು ಕೇಳಿದರು. ಹೀಗೆ ಒಂದೂರಲ್ಲ, ಎರಡೂರಲ್ಲ, ಹದಿಮೂರು ವರ್ಷ ನಡೆದು ನಾಡನ್ನೆಲ್ಲ ಕೇಳಿದ ಆ ಮಹನೀಯರೇ ಆಚಾರ್ಯ ವಿನೋಬಾ ಭಾವೆಯವರು.

ಇಂದು ಎಂಬತ್ತು ದಾಟಿದ ಹಿರಿಯರಲ್ಲಿ ಕೆಲವರು ಬಾಲ್ಯದಲ್ಲಿ ಅವರನ್ನು ಕಂಡಿರಲಿಕ್ಕೂ ಸಾಕು. ಕಿರಿಯರಿಗೆ ಅವರ ಹೆಸರು ಶಾಲೆಯ ಪಾಠದ ಒಂದು ಸಾಲು ಮಾತ್ರ. ಉಳ್ಳವರ ಮತ್ತು ಇಲ್ಲದವರ ನಡುವಿನ ಅಂತರ ದಿನದಿಂದ ದಿನಕ್ಕೆ ಹಿಗ್ಗುತ್ತಿರುವ ಈ ಕಾಲದಲ್ಲಿ ಅವರ ಜೀವನವನ್ನು ಮತ್ತೊಮ್ಮೆ ಮನನ ಮಾಡುವುದು ಉಚಿತವೆಂದು ನಾವು ಭಾವಿಸಿದ್ದೇವೆ. ಅವರು ಗೆದ್ದದ್ದರಿಂದ ಕಲಿಯುವುದಿದೆ. ಅವರ ಕೆಲಸ ಅರ್ಧಕ್ಕೆ ನಿಂತದ್ದರಿಂದ ಕಲಿಯುವುದು ಇನ್ನೂ ಹೆಚ್ಚಿದೆ.

ವಿನಾಯಕ ನರಹರಿ ಭಾವೆಯವರು 1895ರ ಸೆಪ್ಟೆಂಬರ್ 11ರಂದು ಮಹಾರಾಷ್ಟ್ರದ ಕೊಲಾಬಾ ಜಿಲ್ಲೆಯ ಗಾಗೋದೆ ಎಂಬ ಸಣ್ಣ ಹಳ್ಳಿಯಲ್ಲಿ ಜನಿಸಿದರು. ತಂದೆ ನರಹರಿರಾಯರು ಬರೋಡಾದಲ್ಲಿ ಉದ್ಯೋಗದಲ್ಲಿದ್ದರು. ತಾಯಿ ರುಕ್ಮಿಣೀದೇವಿ ಹೆಚ್ಚು ಓದಿದವರಲ್ಲ, ಆದರೆ ಭಕ್ತಿಯಲ್ಲಿ ಪಂಡಿತರನ್ನು ಮೀರಿಸಿದವರು. ಆ ತಾಯಿಗೆ ಕನ್ನಡ ಬರುತ್ತಿತ್ತು, ಕನ್ನಡದ ಭಕ್ತಿಗೀತೆಗಳನ್ನು ಹಾಡುತ್ತಿದ್ದರು ಎಂಬುದು ನಮಗೆಲ್ಲ ಸಂತೋಷದ ಸಂಗತಿ.

ವಿನೋಬಾರ ಬದುಕಿನ ಬೇರು ಈ ತಾಯಿಯ ಅಡುಗೆಮನೆಯಲ್ಲಿದೆ. ಮನೆಯ ಹಿತ್ತಿಲಿನ ಹಲಸು ಹಣ್ಣಾದರೆ ತೊಳೆಗಳನ್ನು ಬಿಡಿಸಿ, ಮೊದಲು ನೆರೆಹೊರೆಯ ಮನೆಗಳಿಗೆ ಮಕ್ಕಳ ಕೈಯಲ್ಲಿಯೇ ಕಳಿಸುತ್ತಿದ್ದರು. ಅದಾದ ಮೇಲೆಯೇ ಮನೆಯ ಮಕ್ಕಳಿಗೆ. ಕೊಟ್ಟು ಉಣ್ಣುವವನು ದೇವ, ಇಟ್ಟುಕೊಂಡು ಉಣ್ಣುವವನು ರಕ್ಕಸ ಎಂಬುದು ಆ ತಾಯಿ ಮಗನಿಗೆ ಕಲಿಸಿದ ಮೊದಲ ಪಾಠ. ಮನೆಯಲ್ಲಿ ಒಬ್ಬ ಬಡ ವಿದ್ಯಾರ್ಥಿ ಊಟಕ್ಕಿದ್ದ. ಹಿಂದಿನ ದಿನದ ತಂಗಳು ಉಳಿದರೆ ತಾಯಿ ತಾವು ಉಣ್ಣುವರು, ಇಲ್ಲವೆ ಮಗನಿಗೆ ಬಡಿಸುವರು; ಆ ಹುಡುಗನಿಗೆ ಮಾತ್ರ ಎಂದೂ ತಂಗಳು ಬಡಿಸಿದವರಲ್ಲ, ಬಿಸಿ ಅನ್ನವೇ. ಎಲ್ಲರನ್ನೂ ಸಮನಾಗಿ ಕಾಣು ಎಂದು ಹೇಳುವ ನೀನೇ ಭೇದ ಮಾಡುತ್ತೀಯಲ್ಲ ಎಂದು ಮಗ ಕೆಣಕಿದಾಗ, ತನಗೆ ಇನ್ನೂ ಮಗನ ಮೇಲೆ ಮೋಹವಿದೆ, ಆ ಹುಡುಗನಲ್ಲಿ ದೇವರು ಕಾಣುತ್ತಾನೆ, ಮಗನಲ್ಲೂ ದೇವರು ಕಂಡ ದಿನ ಈ ಭೇದ ಹೋದೀತು ಎಂದು ತಾಯಿ ಉತ್ತರಿಸಿದರಂತೆ. ಭಕ್ತರೇ, ಬಡವನಿಗೆ ಹಳಸಿದ್ದು, ನಮಗೆ ಹೊಸತು ಎಂಬ ಲೋಕದ ಲೆಕ್ಕವನ್ನು ಆ ತಾಯಿ ತಿರುವುಮುರುವು ಮಾಡಿದ್ದರು. ಮುಂದೆ ಮಗ ನಾಡಿನ ಮುಂದೆ ಇಟ್ಟ ಲೆಕ್ಕವೂ ಇದೇ.

ಬಾಲಕ ವಿನಾಯಕನಿಗೆ ಗಣಿತದಲ್ಲಿ ಅಪಾರ ಬುದ್ಧಿ. ಮನಸ್ಸು ಮಾತ್ರ ಬ್ರಹ್ಮಜಿಜ್ಞಾಸೆಯ ಕಡೆ. ಒಂದು ದಿನ ತಾಯಿಯ ಒಲೆಯ ಮುಂದೆ ಕುಳಿತು ತನ್ನ ಶಾಲೆಯ ಸರ್ಟಿಫಿಕೇಟುಗಳನ್ನೆಲ್ಲ ಉರಿಗೆ ಹಾಕಿಬಿಟ್ಟರು. 1916ರ ಮಾರ್ಚಿಯಲ್ಲಿ ಇಂಟರ್ ಪರೀಕ್ಷೆಗೆಂದು ಮುಂಬಯಿಗೆ ಹೊರಟವರು ಸೂರತ್ತಿನಲ್ಲಿ ಇಳಿದು ಕಾಶಿಯ ದಾರಿ ಹಿಡಿದರು. ಆ ವರ್ಷದ ಫೆಬ್ರವರಿಯಲ್ಲಿ ಗಾಂಧೀಜಿಯವರು ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ರಾಜಮಹಾರಾಜರ ಒಡವೆ ವೈಭವವನ್ನು ಎದುರಿಗೇ ಟೀಕಿಸಿ ಮಾತನಾಡಿದ್ದರು. ಆ ಭಾಷಣದ ವರದಿ ಯುವಕನ ಕೈಸೇರಿತು. ಪತ್ರವ್ಯವಹಾರವಾಗಿ 1916ರ ಜೂನ್ 7ರಂದು ಅಹಮದಾಬಾದಿನ ಕೊಚರಬ್ ಆಶ್ರಮದಲ್ಲಿ ಗಾಂಧೀಜಿಯ ದರ್ಶನವಾಯಿತು. ಆಗ ಗಾಂಧೀಜಿ ತರಕಾರಿ ಹೆಚ್ಚುತ್ತಿದ್ದರು. ಬಂದವರ ಕೈಗೂ ಒಂದು ಚಾಕು ಕೊಟ್ಟು ಕೂಡಿಸಿದರು. ಮೊದಲ ಉಪದೇಶವೇ ಕೈಕೆಲಸ! ನಮ್ಮ ಶರಣಪರಂಪರೆ ಕಾಯಕವೆಂದು ಕರೆದದ್ದನ್ನು ಆ ಯುವಕ ಅಂದು ಕಣ್ಣಾರೆ ಕಂಡರು. ಆಶ್ರಮದಲ್ಲಿ ವಿನಾಯಕ ವಿನೋಬಾ ಆದರು. 1918ರ ಇನ್‌ಫ್ಲುಯೆಂಜಾ ಮಾರಿಗೆ ತಾಯಿ ತೀರಿಕೊಂಡರು. 1921ರಲ್ಲಿ ಗಾಂಧೀಜಿಯವರ ಆದೇಶದಂತೆ ವಿನೋಬಾ ವಾರ್ಧಾಕ್ಕೆ ಬಂದು ನೆಲೆಸಿದರು.

ಅಲ್ಲಿಂದ ಮೂವತ್ತು ವರ್ಷ ಅವರು ಮಾಡಿದ ತಪಸ್ಸನ್ನು ಲೋಕ ಹೆಚ್ಚು ನೋಡಲಿಲ್ಲ. ಅದರಲ್ಲಿ ಎರಡು ಸಂಗತಿಗಳನ್ನು ಮಾತ್ರ ಇಲ್ಲಿ ಹೇಳುತ್ತೇವೆ.

ಒಂದು, ನೂಲುವ ಕೂಲಿಯದು. ಖಾದಿ ಉಡಿರಿ ಎಂದು ಎಲ್ಲರೂ ಬೋಧಿಸುತ್ತಿದ್ದ ಕಾಲವದು. ಆ ಖಾದಿಗೆ ನೂಲು ತೆಗೆಯುವ ಬಡ ಹೆಣ್ಣುಮಗಳ ಹೊಟ್ಟೆ ಆ ಕೂಲಿಯಲ್ಲಿ ತುಂಬುತ್ತದೆಯೇ ಎಂದು ಕೇಳಿದವರು ಕೆಲವರೇ. ವಿನೋಬಾ ಬರಿದೆ ಪ್ರಶ್ನೆ ಕೇಳಲಿಲ್ಲ. 1935ರ ಸುಮಾರಿಗೆ ದಿನಕ್ಕೆ ಎಂಟು ತಾಸು ತಕಲಿಯಲ್ಲಿ ತಾವೇ ನೂತು, ಆ ನೂಲಿಗೆ ಸಿಗುವ ಕೂಲಿಯಲ್ಲಿಯೇ ಉಂಡು ನೋಡಿದರು. ಮೈ ಸೊರಗಿತು. ಕೂಲಿ ಸಾಲದೆಂಬುದು ಮೈಯೇ ಹೇಳಿದ ಸತ್ಯವಾಯಿತು. ನೂಲುವವರ ಕೂಲಿಯನ್ನು ಏರಿಸಬೇಕೆಂದು ಗಾಂಧೀಜಿಯವರು ಪಟ್ಟು ಹಿಡಿದದ್ದೂ ಆ ದಿನಗಳಲ್ಲಿಯೇ. ಬಡತನವನ್ನು ಕುರಿತು ಮಾತನಾಡುವ ಮೊದಲು ಬಡವನ ಕೂಲಿಯಲ್ಲಿ ಬದುಕಿ ನೋಡಬೇಕೆಂಬುದು ಎಂಥ ಕಠಿಣ ವ್ರತ, ಯೋಚಿಸಿರಿ.

ಇನ್ನೊಂದು, ಸುರಗಾಂವಿನ ಸಂಗತಿ. ಪವನಾರ ಆಶ್ರಮದಿಂದ ಮೈಲುಗಟ್ಟಲೆ ದೂರದ ಆ ಹಳ್ಳಿಗೆ ವಿನೋಬಾ ಹೆಗಲ ಮೇಲೆ ಸಲಿಕೆ ಹೊತ್ತು ದಿನವೂ ಹೋಗಿ ಮಲ ಬಳಿಯುವ ಕೆಲಸ ಮಾಡಿದರು. ಮಳೆಯಿರಲಿ ಚಳಿಯಿರಲಿ, ಸೂರ್ಯನಂತೆ ತಪ್ಪದೆ ಹೋದರು. ವೇದೋಪನಿಷತ್ತುಗಳನ್ನು ಬಾಯಿಪಾಠ ಮಾಡಿದ್ದ ವಿದ್ವಾಂಸರು ಊರಿನವರು ಅತಿ ಹೀನವೆಂದು ತಳ್ಳಿದ ಕೆಲಸವನ್ನು ಪೂಜೆಯಂತೆ ಮಾಡಿದರು. ಕೆಲಸದಲ್ಲಿ ಮೇಲುಕೀಳು ಇರುವವರೆಗೆ ಗಳಿಕೆಯಲ್ಲಿಯೂ ಮೇಲುಕೀಳು ಹೋಗದು ಎಂಬುದನ್ನು ಅವರು ಅರಿತಿದ್ದರು.

ಈ ನಡುವೆ ಸ್ವಾತಂತ್ರ್ಯ ಸಂಗ್ರಾಮದಲ್ಲಿ ಹಲವು ಸಲ ಸೆರೆಮನೆ. 1932ರಲ್ಲಿ ಧುಳೆಯ ಜೈಲಿನಲ್ಲಿ ಸಹಕೈದಿಗಳಿಗೆ ಗೀತೆಯ ಮೇಲೆ ಪ್ರವಚನ ಮಾಡಿದರು. ಸಾನೆ ಗುರೂಜಿಯವರು ಬರೆದುಕೊಂಡ ಆ ಪ್ರವಚನಗಳು ಕನ್ನಡಕ್ಕೂ ಬಂದಿವೆ. 1940ರ ಅಕ್ಟೋಬರ್ 17ರಂದು ಮೊದಲ ವೈಯಕ್ತಿಕ ಸತ್ಯಾಗ್ರಹಿಯಾಗಿ ಗಾಂಧೀಜಿ ಆರಿಸಿದ್ದು ಇವರನ್ನೇ. 1942ರ ಚಳವಳಿಯಲ್ಲಿ ಬಂಧಿತರಾದಾಗ ವೇಲೂರಿನ ಜೈಲಿನಲ್ಲಿ ದಕ್ಷಿಣದ ನಾಲ್ಕೂ ಭಾಷೆಗಳನ್ನು ಕಲಿತರು. ತಾಯಿಯ ಹಾಡಿನ ಕನ್ನಡ ಅಲ್ಲಿ ಅವರಿಗೆ ಅಕ್ಷರವಾಗಿ ದಕ್ಕಿತು.

ಇನ್ನು ಭೂಮಿಯ ಕಥೆಗೆ ಬರೋಣ.

ನಿಜಾಮರ ಹೈದರಾಬಾದ್ ಸಂಸ್ಥಾನ 1948ರಲ್ಲಿ ಭಾರತದಲ್ಲಿ ವಿಲೀನವಾಯಿತು. ನಮ್ಮ ಬೀದರ, ಕಲಬುರ್ಗಿ, ರಾಯಚೂರು ಸೀಮೆಗಳೂ ಅದೇ ಸಂಸ್ಥಾನದಲ್ಲಿದ್ದವು. ಅಲ್ಲಿನ ತೆಲಂಗಾಣದಲ್ಲಿ ಒಬ್ಬೊಬ್ಬ ದೇಶಮುಖನ ಕೈಯಲ್ಲಿ ಸಾವಿರಾರು ಎಕರೆ. ದುಡಿಯುವವನಿಗೆ ಬಿಟ್ಟಿ ಚಾಕರಿ. 1946ರಿಂದ ಅಲ್ಲಿನ ರೈತರು ಕಮ್ಯುನಿಸ್ಟರ ಮುಂದಾಳುತನದಲ್ಲಿ ಆಯುಧ ಹಿಡಿದು ಎದ್ದಿದ್ದರು. ರಾತ್ರಿ ಬಂದೂಕಿನವರ ಭಯ, ಹಗಲು ಪೊಲೀಸರ ಭಯ. ಎರಡರ ನಡುವೆ ಹಳ್ಳಿಗಳು ನಲುಗುತ್ತಿದ್ದವು.

1951ರ ಏಪ್ರಿಲ್‌ನಲ್ಲಿ ಹೈದರಾಬಾದಿನ ಬಳಿ ಶಿವರಾಂಪಲ್ಲಿಯಲ್ಲಿ ಸರ್ವೋದಯ ಸಮ್ಮೇಳನ ನಡೆಯಿತು. ವಿನೋಬಾ ವಾರ್ಧಾ ಕಡೆಯಿಂದ ಅಲ್ಲಿಗೆ ನಡೆದೇ ಬಂದರು. ಸಮ್ಮೇಳನ ಮುಗಿದ ಮೇಲೆ ಹೈದರಾಬಾದಿನ ಜೈಲಿನಲ್ಲಿದ್ದ ಕಮ್ಯುನಿಸ್ಟ್ ಕೈದಿಗಳನ್ನು ಕಂಡು ಮಾತನಾಡಿ, ನಲಗೊಂಡ ಜಿಲ್ಲೆಯ ಹಾದಿ ಹಿಡಿದರು. ಏಪ್ರಿಲ್ 18ರಂದು ಪೋಚಂಪಲ್ಲಿ ಎಂಬ ಊರಿಗೆ ಬಂದರು.

ಅಲ್ಲಿನ ಹರಿಜನ ಕೇರಿಯಲ್ಲಿ ಸುಮಾರು 40 ಮನೆಗಳು. ದುಡಿಮೆಯುಂಟು, ಭೂಮಿಯಿಲ್ಲ. ಏನು ಬೇಕೆಂದು ಕೇಳಿದಾಗ ಅವರು ಹಣ ಕೇಳಲಿಲ್ಲ, ಬಟ್ಟೆ ಕೇಳಲಿಲ್ಲ. 80 ಎಕರೆ ಭೂಮಿ ಕೊಡಿಸಿದರೆ ಸಾಕು, ದುಡಿದು ಉಣ್ಣುತ್ತೇವೆ ಎಂದರು. ಅರ್ಧ ತರಿ, ಅರ್ಧ ಖುಷ್ಕಿ. ಸರ್ಕಾರಕ್ಕೆ ಅರ್ಜಿ ಬರೆಯೋಣವೆಂಬ ಮಾತು ಮೊದಲು ಬಂತು. ಆದರೆ ಸರ್ಕಾರದ ಅರ್ಜಿ ಯಾವಾಗ ಹಣ್ಣಾದೀತು? ಅಂದು ಕೂಡಿದ್ದ ಊರಿನವರ ಮುಂದೆ ವಿನೋಬಾ ಆ ಪ್ರಶ್ನೆಯನ್ನೇ ಇಟ್ಟರು. ಇವರಿಗೆ ಕೊಡುವವರು ಈ ಊರಿನಲ್ಲಿಯೇ ಯಾರಾದರೂ ಇರುವಿರಾ ಎಂದು ಕೇಳಿದರು. ವೇದಿರೆ ರಾಮಚಂದ್ರ ರೆಡ್ಡಿಯವರು ಎದ್ದು ನಿಂತು 100 ಎಕರೆ ಕೊಡುವುದಾಗಿ ಹೇಳಿದರು. ಕೇಳಿದ್ದು ಎಂಬತ್ತು, ಬಂದದ್ದು ನೂರು. ಆ ರಾತ್ರಿ ವಿನೋಬಾರಿಗೆ ನಿದ್ರೆ ಹತ್ತಲಿಲ್ಲ. ಇದು ದೈವಸಂಕೇತವೋ, ತಾನು ನಾಡಿನ ಭೂಮಿಯಿಲ್ಲದವರಿಗೆಲ್ಲ ಹೀಗೆಯೇ ಕೈಯೊಡ್ಡಬೇಕೋ ಎಂದು ಚಿಂತಿಸಿದರು. ಬೆಳಗಾಗುವ ಹೊತ್ತಿಗೆ ನಿರ್ಧಾರವಾಗಿತ್ತು. ತೆಲಂಗಾಣದ ಆ ಒಂದು ಸುತ್ತಿನಲ್ಲಿ ಎರಡು ತಿಂಗಳೊಳಗೆ ಸುಮಾರು 12,000 ಎಕರೆ ಬಂತು.

ಅವರ ಲೆಕ್ಕ ಸರಳವಾಗಿತ್ತು. ದೇಶದಲ್ಲಿ ಸಾಗುವಳಿಯಾಗುವ ಭೂಮಿ ಸುಮಾರು 30 ಕೋಟಿ ಎಕರೆ. ಅದರ ಆರನೆಯ ಒಂದು ಪಾಲು 5 ಕೋಟಿ ಎಕರೆ ಬಂದರೆ ಭೂಮಿಯಿಲ್ಲದ ಪ್ರತಿ ಮನೆಗೂ ಒಂದು ತುಂಡು ನೆಲ ಸಿಕ್ಕೀತು. ಆದ್ದರಿಂದಲೇ ಆರನೆಯ ಮಗನ ಮಾತು. ಇದನ್ನು ಅವರು ಭಿಕ್ಷೆಯೆಂದು ಕೇಳಲಿಲ್ಲ. ದಾನವೆಂದರೆ ಸಂವಿಭಾಗ, ಅಂದರೆ ಸರಿಯಾಗಿ ಹಂಚಿಕೊಳ್ಳುವುದು ಎಂಬ ಶಂಕರಾಚಾರ್ಯರ ಭಾಷ್ಯದ ಅರ್ಥವನ್ನು ಅವರು ಎಲ್ಲೆಡೆ ವಿವರಿಸಿದರು. ಗಾಳಿ, ನೀರು, ಬೆಳಕಿನಂತೆ ಭೂಮಿಯೂ ದೇವರದು. ಮಗ ಪಾಲು ಕೇಳಿದರೆ ಅದು ಹಕ್ಕೇ ಹೊರತು ಭಿಕ್ಷೆಯಲ್ಲ. ಬಡತನ ನೀಗಲು ಮೂರು ದಾರಿಗಳಿವೆ, ಒಂದು ಕೊಲೆಯದು, ಒಂದು ಕಾನೂನಿನದು, ಒಂದು ಕರುಣೆಯದು, ತಮ್ಮದು ಕರುಣೆಯ ದಾರಿ ಎಂಬುದು ಅವರ ನಿಲುವಾಗಿತ್ತು.

ಪ್ರಧಾನಿ ನೆಹರೂ ಅವರು ಮೊದಲ ಪಂಚವಾರ್ಷಿಕ ಯೋಜನೆಯ ವಿಷಯ ಚರ್ಚಿಸಲು ದೆಹಲಿಗೆ ಆಹ್ವಾನಿಸಿದಾಗ ವಿನೋಬಾ ನಡೆದೇ ಹೋದರು. 1951ರ ಸೆಪ್ಟೆಂಬರ್‌ನಲ್ಲಿ ಹೊರಟು ನವೆಂಬರ್‌ನಲ್ಲಿ ತಲುಪಿದರು. ದಾರಿಯುದ್ದಕ್ಕೂ ಭೂಮಿ ಕೇಳುತ್ತ ಹೋದರು. ಯೋಜನಾ ಆಯೋಗದವರ ಮುಂದೆ ಅವರು ಇಟ್ಟ ಮಾತು ಒಂದೇ. ನಾಡಿನ ಸಂಪತ್ತು ಒಟ್ಟಾರೆ ಎಷ್ಟು ಬೆಳೆಯಿತೆಂಬುದು ಮೊದಲ ಪ್ರಶ್ನೆಯಲ್ಲ. ಎಲ್ಲರ ಕೈಗೆ ಕೆಲಸ, ಎಲ್ಲರ ಹೊಟ್ಟೆಗೆ ಅನ್ನ ಬಂತೇ ಎಂಬುದು ಮೊದಲ ಪ್ರಶ್ನೆ. ಕಟ್ಟಕಡೆಯವನಿಂದ ಲೆಕ್ಕ ಆರಂಭವಾಗಬೇಕು.

ಮುಂದಿನ ವರ್ಷಗಳು ನಡಿಗೆಯೇ. ಬೆಳಗಿನ ಜಾವ ಎದ್ದು ಕಂದೀಲಿನ ಬೆಳಕಿನಲ್ಲಿ ಹೊರಡುವುದು; ಹತ್ತು ಹನ್ನೆರಡು ಮೈಲು ನಡೆದು ಮುಂದಿನ ಊರು ಸೇರುವುದು; ಸಂಜೆ ಪ್ರಾರ್ಥನೆ, ಪ್ರವಚನ, ಭೂಮಿಯ ಬೇಡಿಕೆ; ಮರುದಿನ ಮತ್ತೆ ದಾರಿ. ಹೊಟ್ಟೆಯ ಹುಣ್ಣು ಇದ್ದುದರಿಂದ ಆಹಾರ ಹಾಲು ಮೊಸರಿನಂಥದೇ. ಉತ್ತರ ಪ್ರದೇಶದ ಮಂಗರೋಠ ಎಂಬ ಊರು 1952ರಲ್ಲಿ ಊರ ಭೂಮಿಯನ್ನೆಲ್ಲ ಒಟ್ಟಾಗಿ ಅರ್ಪಿಸಿ ಮೊದಲ ಗ್ರಾಮದಾನವಾಯಿತು. ಬಿಹಾರವೊಂದರಲ್ಲಿಯೇ 1954ರ ಕೊನೆಯ ಹೊತ್ತಿಗೆ 20 ಲಕ್ಷ ಎಕರೆಗೂ ಮೀರಿ ಬಂತು. ಜಯಪ್ರಕಾಶ ನಾರಾಯಣರು 1954ರಲ್ಲಿ ಬೋಧಗಯೆಯಲ್ಲಿ ಈ ಕೆಲಸಕ್ಕೆ ತಮ್ಮ ಜೀವನವನ್ನೇ ದಾನವಾಗಿ ಕೊಟ್ಟರು. ಬರೀ ಹೊಗಳಿಕೆಯೇ ದೊರೆಯಿತೆಂದಲ್ಲ. 1953ರಲ್ಲಿ ದೇವಘರದ ವೈದ್ಯನಾಥ ಕ್ಷೇತ್ರಕ್ಕೆ ಹರಿಜನರೊಡನೆ ದರ್ಶನಕ್ಕೆ ಹೋದಾಗ ಅಲ್ಲಿನವರು ಹೊಡೆದರು. ಆ ಏಟಿನಿಂದ ಅವರ ಒಂದು ಕಿವಿ ಮಂದವಾಯಿತು. ಹೊಡೆದವರನ್ನು ಶಿಕ್ಷಿಸಬಾರದೆಂದು ಅವರೇ ಕೇಳಿಕೊಂಡರು.

1957ರಲ್ಲಿ ಕೇರಳವನ್ನು ದಾಟಿ ನಮ್ಮ ನಾಡಿಗೆ ಬಂದರು. ನಾಡು ಒಂದುಗೂಡಿ ಇನ್ನೂ ವರ್ಷ ತುಂಬಿರಲಿಲ್ಲ. ಸೆಪ್ಟೆಂಬರ್ 21 ಮತ್ತು 22ರಂದು ಮೈಸೂರಿನ ಹತ್ತಿರದ ಯಲವಾಲದಲ್ಲಿ ಒಂದು ಅಪೂರ್ವ ಸಭೆ ನಡೆಯಿತು. ಪ್ರಧಾನಿ ನೆಹರೂ, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ನಂಬೂದಿರಿಪಾಡರು, ಜಯಪ್ರಕಾಶರು, ಹೀಗೆ ಒಬ್ಬರ ಮುಖ ಒಬ್ಬರು ನೋಡದಷ್ಟು ಭಿನ್ನ ಪಕ್ಷದವರೆಲ್ಲ ಒಂದೆಡೆ ಕುಳಿತು ಗ್ರಾಮದಾನವನ್ನು ಬೆಂಬಲಿಸುವ ಹೇಳಿಕೆ ಹೊರಡಿಸಿದರು. ಬಡವನ ಹೊಲದ ವಿಷಯದಲ್ಲಿ ನಾಡಿನ ಎಲ್ಲ ಪಕ್ಷಗಳೂ ಒಂದೇ ಜಮಖಾನೆಯ ಮೇಲೆ ಕುಳಿತದ್ದು ನಮ್ಮ ನೆಲದಲ್ಲಿ ಎಂಬುದನ್ನು ಕನ್ನಡಿಗರು ಮರೆಯಬಾರದು. 1958ರಲ್ಲಿ ಅವರು ಮಹಾರಾಷ್ಟ್ರಕ್ಕೆ ದಾಟಿ ಪಂಢರಪುರಕ್ಕೆ ಹೋದಾಗ ಅವರೊಡನಿದ್ದ ಎಲ್ಲ ಮತದವರಿಗೂ ವಿಠ್ಠಲನ ಬಾಗಿಲು ತೆರೆಯಿತು. ದೇವಘರದಲ್ಲಿ ಮುಚ್ಚಿದ ಬಾಗಿಲು ಪಂಢರಪುರದಲ್ಲಿ ತೆರೆದಂತಾಯಿತು. 1960ರಲ್ಲಿ ಚಂಬಲ್ ಕಣಿವೆಯ ಡಕಾಯಿತರು ಅವರ ಮುಂದೆ ಆಯುಧ ಒಪ್ಪಿಸಿದರು. 1964ರಲ್ಲಿ ಪವನಾರಕ್ಕೆ ಮರಳಿದರು.

ಇಲ್ಲಿಯವರೆಗೆ ಹೇಳಿ ನಿಲ್ಲಿಸಿದರೆ ಕಥೆ ಕೇಳಲು ಹಿತ. ಆದರೆ ಸತ್ಪುರುಷರ ಚರಿತ್ರೆಯನ್ನು ಅರ್ಧ ಹೇಳುವುದು ಅವರಿಗೆ ಮಾಡುವ ಗೌರವವಲ್ಲ. ಲೆಕ್ಕವನ್ನೂ ನೋಡಬೇಕು.

ಅವರು ಬಯಸಿದ್ದು 5 ಕೋಟಿ ಎಕರೆ. ಬಂದದ್ದು ಸುಮಾರು 42 ಲಕ್ಷ ಎಕರೆ. ಅದರಲ್ಲಿ 1970ರ ದಶಕದ ಆರಂಭದ ಹೊತ್ತಿಗೆ ಬಡವರಿಗೆ ಹಂಚಿಕೆಯಾದದ್ದು ಸುಮಾರು 13 ಲಕ್ಷ ಎಕರೆ, ಎಂದರೆ ಮೂರರಲ್ಲಿ ಒಂದು ಪಾಲು. ಉಳಿದದ್ದು ಏನಾಯಿತು? ಕೆಲವು ಕಡೆ ಕೊಟ್ಟ ಭೂಮಿ ಕಲ್ಲುಗುಡ್ಡ, ಕೆಲವು ಕಡೆ ಅಡವಿ, ಕೆಲವು ಕಡೆ ಹೊಳೆ ಕೊಚ್ಚಿದ ಮರಳು. ಕೆಲವರು ಕೋರ್ಟಿನಲ್ಲಿ ತಕರಾರಿದ್ದ ಹೊಲವನ್ನೇ ದಾನಪತ್ರದಲ್ಲಿ ಬರೆದರು. ತಮಗೆ ದಕ್ಕದ್ದು ದೇವರಿಗೆ! ಕೆಲವೆಡೆ ತಂದೆ ಭಾವುಕನಾಗಿ ಸಹಿ ಹಾಕಿದ್ದನ್ನು ಮಕ್ಕಳು ಒಪ್ಪಲಿಲ್ಲ. ಕೆಲವೆಡೆ ಪತ್ರ ಬಡವನ ಕೈಯಲ್ಲಿ, ಉಳುಮೆ ಮಾತ್ರ ಹಳೆಯ ಒಡೆಯನದು. ಭೂಮಿ ಸಿಕ್ಕವನಿಗೂ ಎತ್ತಿಲ್ಲ, ಬೀಜವಿಲ್ಲ, ಬಾವಿಯಿಲ್ಲ. ಒಂದು ಮಳೆ ತಪ್ಪಿದರೆ ಮತ್ತೆ ಸಾಹುಕಾರನ ಬಾಗಿಲು.

ವಿನೋಬಾ ಇದನ್ನು ಕಾಣದವರಲ್ಲ. ಭೂಮಿಯ ಜೊತೆಗೆ ಎತ್ತು, ಬೀಜ, ನೇಗಿಲು ಕೊಡಿರೆಂದು ಸಾಧನದಾನ ಕೇಳಿದರು. ಬಾವಿ ತೋಡಿಸಿಕೊಡಿರೆಂದು ಕೂಪದಾನ ಕೇಳಿದರು. ಹೊಲವಿಲ್ಲದ ವ್ಯಾಪಾರಿ ನೌಕರರಿಂದ ಗಳಿಕೆಯ ಒಂದು ಪಾಲನ್ನು ಸಂಪತ್ತಿದಾನವಾಗಿ ಕೇಳಿದರು. ಕಡೆಗೆ ಗ್ರಾಮದಾನವನ್ನು ಸುಲಭಗೊಳಿಸಿದರು. ಭೂಮಿಯ ಒಡೆತನ ಊರ ಗ್ರಾಮಸಭೆಯ ಹೆಸರಿಗೆ. ಇಪ್ಪತ್ತರಲ್ಲಿ ಒಂದು ಪಾಲು ಭೂಹೀನರಿಗೆ, ಉಳಿದದ್ದನ್ನು ಉಳುವ ಹಕ್ಕು ಕೊಟ್ಟವನಿಗೇ. ಬೆಳೆಯ ನಲವತ್ತರಲ್ಲಿ ಒಂದು ಭಾಗ ಊರ ನಿಧಿಗೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರಾಮಗಳು ಇದಕ್ಕೆ ಒಪ್ಪಿದವೆಂದು ಘೋಷಣೆಯಾಯಿತು. ಆದರೆ ಕಾನೂನಿನ ಪ್ರಕಾರ ನಿಜವಾಗಿ ಗ್ರಾಮದಾನವಾದವು ಅದರ ಒಂದು ಸಣ್ಣ ಅಂಶ. ಘೋಷಣೆಗೆ ರಾತ್ರಿ ಸಾಕು; ಆಚರಣೆಗೆ ವರ್ಷಗಳು ಬೇಕು.

ಕೊನೆಯ ವರ್ಷಗಳಲ್ಲಿ ವಿನೋಬಾ ಪವನಾರದಲ್ಲಿಯೇ ನೆಲೆನಿಂತು ಧ್ಯಾನದಲ್ಲಿ ಮುಳುಗಿದರು. 1975ರ ತುರ್ತುಪರಿಸ್ಥಿತಿಯಲ್ಲಿ ಅವರು ಅದನ್ನು ಬಹಿರಂಗವಾಗಿ ವಿರೋಧಿಸಲಿಲ್ಲವೆಂದು ಜಯಪ್ರಕಾಶರ ಮಾರ್ಗ ಹಿಡಿದವರು ನೊಂದರು. ಸರ್ವೋದಯದ ಬಳಗ ಎರಡಾಯಿತು. 1982ರ ನವೆಂಬರ್‌ನಲ್ಲಿ ಹೃದಯದ ತೊಂದರೆ ಕಾಣಿಸಿಕೊಂಡಾಗ ಅನ್ನ, ನೀರು, ಔಷಧ ಮೂರನ್ನೂ ಬಿಟ್ಟು, 15ರಂದು ಶಾಂತವಾಗಿ ದೇಹವಿಟ್ಟರು. ಮರುವರ್ಷ ಭಾರತರತ್ನ ಪ್ರಶಸ್ತಿ ಅವರ ಹೆಸರಿಗೆ ಸಂದಿತು. ನಾಡಿಗೆ ಲಕ್ಷಗಟ್ಟಲೆ ಎಕರೆ ತಂದವರ ಹೆಸರಿನಲ್ಲಿ ಒಂದು ಗುಂಟೆಯೂ ಇರಲಿಲ್ಲ.

ಭಕ್ತರೇ, ಈಗ ನಮ್ಮ ಮಾತನ್ನು ಲಕ್ಷ್ಯಗೊಟ್ಟು ಕೇಳಿರಿ.

ವಿನೋಬಾ ಸೋತರು ಎಂದು ಕೆಲವರು ಅರ್ಥಶಾಸ್ತ್ರದ ಲೆಕ್ಕದಲ್ಲಿ ಹೇಳುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಕೇಳಿದವರು ಸೋಲಲಿಲ್ಲ, ಕೊಟ್ಟವರು ಪೂರ್ತಿ ಕೊಡಲಿಲ್ಲ. ಕೈ ಕೊಟ್ಟಿತು, ಮನಸ್ಸು ಹಿಡಿದುಕೊಂಡಿತು. ಕಲ್ಲುನೆಲವನ್ನು ಕೊಟ್ಟವನು ಬಡವನಿಗೆ ಕೊಡಲಿಲ್ಲ, ತನ್ನ ಕಂದಾಯದ ಭಾರ ಕಳೆದುಕೊಂಡ. ಪತ್ರ ಕೊಟ್ಟು ಕಬ್ಜಾ ಕೊಡದವನು ಹೆಸರನ್ನು ಮಾತ್ರ ಕೊಂಡ. ನಮ್ಮ ಪರಂಪರೆಯಲ್ಲಿ ದಾನಕ್ಕಿಂತ ದಾಸೋಹವನ್ನು ಮೇಲೆಂದು ಹೇಳಿದ್ದು ಇದಕ್ಕೇ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ, ಕೊಳ್ಳುವವನು ಜಂಗಮ. ಜಂಗಮನಿಗೆ ಯಾರಾದರೂ ತಂಗಳು ಬಡಿಸುವರೇ? ಬಡಿಸಿದ ಮೇಲೆ ಉಂಡರೋ ಇಲ್ಲವೋ ಎಂದು ನೋಡದೆ ಎದ್ದು ಹೋಗುವರೇ? ಆ ವಿದ್ಯಾರ್ಥಿಗೆ ಬಿಸಿ ಅನ್ನ ಬಡಿಸಿದ ರುಕ್ಮಿಣೀದೇವಿಯವರು ಮಾಡಿದ್ದು ದಾಸೋಹ. ಹೊಳೆಯ ಮರಳನ್ನು ಬರೆದುಕೊಟ್ಟವರು ಮಾಡಿದ್ದು ದಾನವೂ ಅಲ್ಲ.

ಕಾನೂನಿನ ದಾರಿಯೂ ಬೇಕಾಯಿತು ಎಂಬುದನ್ನು ನಾವು ಮರೆಮಾಚುವುದಿಲ್ಲ. ನಮ್ಮ ರಾಜ್ಯದಲ್ಲಿ ಭೂಸುಧಾರಣೆಯ ಕಾನೂನು 1974ರಲ್ಲಿ ತಿದ್ದುಪಡಿಯಾಗಿ ಗೇಣಿದಾರನೇ ಒಡೆಯನಾದ. ಮಠಮಾನ್ಯಗಳ ಗೇಣಿ ಭೂಮಿಯೂ ಉಳುವವರ ಪಾಲಾಯಿತು. ಅಂದು ನೊಂದುಕೊಂಡವರಿದ್ದರು. ಆದರೆ ಗೇಣಿಯ ಕಾಳು ಅಳೆದು ಬೆನ್ನು ಬಾಗಿದವನ ಮನೆಯ ಮಗ ಆ ಭೂಮಿಯಿಂದಲೇ ಶಾಲೆ ಓದಿ ನಿಂತದ್ದನ್ನೂ, ಆ ಮಗನೇ ಇಂದು ಮಠದ ದಾಸೋಹಕ್ಕೆ ಸ್ವಸಂತೋಷದಿಂದ ಜೋಳದ ಚೀಲ ತರುವುದನ್ನೂ ನೋಡಬೇಕು. ಗೇಣಿಯಾಗಿ ಬರುತ್ತಿದ್ದ ಕಾಳಿಗಿಂತ ಭಕ್ತಿಯಿಂದ ಬರುವ ಕಾಳೇ ರುಚಿ. ಒಡೆತನ ಹೋದರೆ ಧರ್ಮ ಬಡವಾಗುವುದಿಲ್ಲ. ಭಕ್ತ ಬಡವಾದರೆ ಧರ್ಮ ಬಡವಾಗುತ್ತದೆ. ಆದರೂ ಕಾನೂನು ಗೇಣಿದಾರನವರೆಗೆ ತಲುಪಿತೇ ಹೊರತು, ಗೇಣಿಯೂ ಇಲ್ಲದೆ ಬರಿಗೈಯಲ್ಲಿ ಕೂಲಿಗೆ ಬರುತ್ತಿದ್ದವನಿಗೆ ಹೆಚ್ಚು ದಕ್ಕಲಿಲ್ಲ. ಆರನೆಯ ಮಗ ಇನ್ನೂ ಅಂಗಳದಲ್ಲಿಯೇ ನಿಂತಿದ್ದಾನೆ.

ಇಂದು ಯಾರ ಬಳಿಯೂ ಕೊಡುವಷ್ಟು ಹೊಲವೆಲ್ಲಿದೆ ಬುದ್ಧಿ ಎಂದು ನೀವು ಕೇಳಬಹುದು. ನಿಜ. ಅಣ್ಣತಮ್ಮಂದಿರಲ್ಲಿ ಹಂಚಿಹಂಚಿ ಹೊಲ ಒಡೆದಿದೆ. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲು ಬಂದಿದೆ, ಅದು ನ್ಯಾಯವೇ. ಆದರೆ ಸಂಪತ್ತು ಇಂದು ಹೊಲದಲ್ಲಿ ಮಾತ್ರ ಇಲ್ಲ. ಊರ ಪಕ್ಕದಲ್ಲಿ ಹೆದ್ದಾರಿ ಬಂದು ಎಕರೆಯ ಬೆಲೆ ಏರಿದವರಿದ್ದಾರೆ. ನಿವೇಶನ ಮಾಡಿ ಮಾರಿದವರಿದ್ದಾರೆ. ಪಟ್ಟಣದಲ್ಲಿ ಮಕ್ಕಳು ದೊಡ್ಡ ಸಂಬಳ ಎಣಿಸುವವರಿದ್ದಾರೆ. ಅದೇ ಊರಿನಲ್ಲಿ, ಆ ಹೊಲವನ್ನು ತಲೆಮಾರುಗಟ್ಟಲೆ ಹರಗಿ ಬಿತ್ತಿ ಕಳೆ ತೆಗೆದ ಆಳುಮಗನ ಮನೆಯವರು ಹೊಲ ಮಾರಿದ ದಿನ ಕೂಲಿಯನ್ನೂ ಕಳೆದುಕೊಂಡು ಗುಳೆ ಹೊರಡುತ್ತಾರೆ. ಮಾರಿದ ಹಣದಲ್ಲಿ ಅವರಿಗೆ ಪಾಲಿಲ್ಲವೇ? ಕಾನೂನಿನ ಕಣ್ಣಿಗೆ ಇಲ್ಲ. ಆರನೆಯ ಮಗನ ಲೆಕ್ಕದಲ್ಲಿ ಇದೆ.

ಜಾತ್ರೆಯ ದಾಸೋಹಕ್ಕೆ ಹತ್ತು ಚೀಲ ಅಕ್ಕಿ ಕೊಟ್ಟು, ಹೆಸರನ್ನು ಫಲಕದಲ್ಲಿ ಬರೆಸುವ ಭಕ್ತರನ್ನು ನಾವು ಹರಸುತ್ತೇವೆ. ಆದರೆ ಅದೇ ಕೈ ಸುಗ್ಗಿಯ ಸಂಜೆ ಆಳಿನ ಕೂಲಿಯಲ್ಲಿ ಹತ್ತು ರೂಪಾಯಿ ಹಿಡಿದರೆ, ಆ ಹತ್ತು ಚೀಲವೂ ತೂಕದಲ್ಲಿ ಹಗುರಾಗುತ್ತದೆ. ಮೊದಲು ಕೂಲಿ, ಆಮೇಲೆ ಕಾಣಿಕೆ. ಮಠಕ್ಕೆ ಹಾಗೆ ಹಿಡಿದ ಹಣ ಬೇಡ. ತಾನೇ ನೂತು ಕೂಲಿಯ ಬೆಲೆ ಅರಿತ ವಿನೋಬಾರಂತೆ, ಒಂದು ತಿಂಗಳು ಆಳಿನ ಕೂಲಿಯಲ್ಲಿಯೇ ಮನೆ ನಡೆಸಿ ನೋಡುತ್ತೇನೆಂದು ಯಾವ ಗೌಡರಾದರೂ ಸಂಕಲ್ಪ ಮಾಡಿದರೆ, ಅದಕ್ಕಿಂತ ದೊಡ್ಡ ವ್ರತವನ್ನು ನಾವು ಹೇಳಲಾರೆವು.

ಹಿರಿಯರಾದ ನೀವು ಮಕ್ಕಳಿಗೆ ಪಾಲು ಬರೆಯುವ ವಯಸ್ಸಿನಲ್ಲಿದ್ದೀರಿ. ಪಾಲು ಬರೆಯುವ ದಿನ ನಿಮ್ಮ ಮನೆಯ ದುಡಿಮೆಗೆ ಹೆಗಲು ಕೊಟ್ಟವರ ಹೆಸರನ್ನು ಒಮ್ಮೆ ನೆನೆಯಿರಿ. ಮನೆ ಕಟ್ಟಲು ಎರಡು ಗುಂಟೆ ಜಾಗ ಕೊಡುವುದಾದರೆ ಒಳ್ಳೆಯ ಜಾಗವನ್ನೇ ಕೊಡಿರಿ, ಅವರ ಹೆಸರಿಗೆ ಉತಾರೆ ಮಾಡಿಸಿಯೇ ಕೊಡಿರಿ. ಅವರ ಮಗಳ ಓದಿನ ಫೀಜು ಕಟ್ಟುವುದಾದರೆ ಒಂದು ವರ್ಷ ಕಟ್ಟಿ ಬಿಡಬೇಡಿರಿ, ಓದು ಮುಗಿಯುವವರೆಗೆ ಕಟ್ಟಿರಿ. ಕೊಳವೆಬಾವಿಯ ನೀರು ಪಕ್ಕದ ಸಣ್ಣ ಹಿಡುವಳಿಗೂ ಹರಿಯಲಿ. ಎಷ್ಟು ಕೊಟ್ಟಿರಿ ಎಂಬುದನ್ನು ನಾವು ಕೇಳುವುದಿಲ್ಲ. ಕೊಟ್ಟದ್ದು ಅವನ ಕಾಲಿಗೆ ನೆಲವಾಯಿತೇ, ಮತ್ತೆ ನಿಮ್ಮ ಬಾಗಿಲಿಗೆ ಕೈಯೊಡ್ಡಿ ಬರದಂತಾಯಿತೇ ಎಂಬುದನ್ನು ಮಾತ್ರ ಕೇಳುತ್ತೇವೆ. ಬಡವ ಮತ್ತೆ ಬೇಡಲು ಬಾರದಂತೆ ಕೊಡುವುದೇ ಪೂರ್ಣವಾದ ಕೊಡುಗೆ.

ಐವರು ಮಕ್ಕಳು ಉಂಡು ಆರನೆಯವನು ಅಂಗಳದಲ್ಲಿ ಹಸಿದು ನಿಂತ ಮನೆಯಲ್ಲಿ ಶಿವನು ಉಣ್ಣಲಾರನು. ಆರನೆಯವನನ್ನು ಒಳಗೆ ಕರೆದು ಬಿಸಿ ಅನ್ನ ಬಡಿಸುವ ಬುದ್ಧಿಯನ್ನು ಜಗದ್ಗುರುಗಳು ನಮ್ಮೆಲ್ಲರಿಗೂ ಕರುಣಿಸಲಿ. ನಿಮ್ಮ ಹೊಲ ಹಸಿರಾಗಲಿ, ಕಣ ತುಂಬಲಿ, ಕೊಡುವ ಕೈ ಬಲವಾಗಲಿ.

ಸರ್ವರಿಗೂ ಮಂಗಲವಾಗಲಿ.